ಮೈಂಡ್ ಮ್ಯಾಪ್‌ನಲ್ಲಿ ಹನ್ನೊಂದು ಉದ್ಯಮಗಳ ಯೋಚನೆ ಇದೆ: ಯಾವುದನ್ನು ಮೊದಲು ಕೈಗೆತ್ತಿಕೊಳ್ಳಲಿ?

ಪ್ರಶ್ನೆ: ಗುಬ್ಬಿ ತಾಲ್ಲೂಕಿನ ಗೃಹಿಣಿ

ಎಲ್ಲರಿಗೂ ನಮಸ್ಕಾರ. ತುಮಕೂರಿನ ಸಿದ್ಧ ಉಡುಪಿನ ಕಾರ್ಖಾನೆಯೊಂದರಲ್ಲಿ ಹನ್ನೆರಡು ವರ್ಷ ಹೊಲಿಗೆ ಕೆಲಸ ಮಾಡಿ, ಅತ್ತೆಯವರ ಆರೋಗ್ಯ ನೋಡಿಕೊಳ್ಳಬೇಕಾಗಿ ಬಂದದ್ದರಿಂದ ಈಗ ಊರಿನಲ್ಲೇ ಇದ್ದೇನೆ. ಒಂದೂವರೆ ಲಕ್ಷ ರೂಪಾಯಿ ಉಳಿತಾಯವಿದೆ. ಒಂದೂಕಾಲು ಎಕರೆ ತೆಂಗಿನ ತೋಟವಿದೆ, ಹೊಲದ ಬದುವಿನಲ್ಲಿ ಆರು ಹುಣಸೆ ಮರಗಳಿವೆ. ಸಣ್ಣದೊಂದು ಉದ್ಯಮ ಆರಂಭಿಸಬೇಕೆಂಬ ಆಸೆ ಬಹಳ ದಿನದ್ದು.

ತಂಗಿಯ ಮಗಳು ಕಾಲೇಜಿನಲ್ಲಿ ಕಲಿತ ಮೈಂಡ್ ಮ್ಯಾಪ್ ವಿಧಾನವನ್ನು ತೋರಿಸಿಕೊಟ್ಟಳು. ಹಳೆಯ ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ, ನಡುವೆ ‘ನಮ್ಮ ಉದ್ಯಮ’ ಎಂದು ಬರೆದು ಸುತ್ತಲೂ ಕೊಂಬೆಗಳನ್ನು ಎಳೆಯುತ್ತಾ ಹೋದೆವು. ಮರದ ಗಾಣದ ಕೊಬ್ಬರಿ ಎಣ್ಣೆ, ತೆಂಗಿನ ನಾರು, ಬೀಜ ಬಿಡಿಸಿದ ಹುಣಸೆಹಣ್ಣು, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ರಾಗಿ ಹುರಿಹಿಟ್ಟು, ಬ್ಲೌಸ್ ಹೊಲಿಗೆ, ಶಾಲಾ ಸಮವಸ್ತ್ರ, ಹೀಗೆ ಹನ್ನೊಂದು ಯೋಚನೆಗಳು ಹೊರಬಂದವು. ಬರೆದ ದಿನ ಬಹಳ ಸಂತೋಷವಾಯಿತು. ಮೂರು ವಾರ ಕಳೆದರೂ ಹಾಳೆಯನ್ನು ನೋಡುತ್ತಲೇ ಇದ್ದೇನೆ, ಒಂದನ್ನೂ ಆರಿಸಲು ಆಗಿಲ್ಲ. ಎಣ್ಣೆಯ ಕೊಂಬೆ ಎಲ್ಲಕ್ಕಿಂತ ದಟ್ಟವಾಗಿ ಬೆಳೆದಿರುವುದರಿಂದ ಗಾಣವನ್ನೇ ಮೊದಲು ಹಾಕೋಣ ಎಂದು ನಮ್ಮ ಯಜಮಾನರು ಹೇಳುತ್ತಿದ್ದಾರೆ. ಆ ಲೆಕ್ಕಾಚಾರ ಸರಿಯೇ?

ಉತ್ತರ: ತಿಪಟೂರಿನ ಗಾಣದವರು

ಅಕ್ಕ, ನಾನೂ ಇದೇ ರೀತಿ ನಕ್ಷೆ ಬರೆದು, ದಟ್ಟವಾದ ಕೊಂಬೆಯನ್ನೇ ನಂಬಿ ಗಾಣ ಹಾಕಿದವನು. ಆದ್ದರಿಂದ ಸ್ಪಷ್ಟವಾಗಿ ಹೇಳುತ್ತೇನೆ: ನಮಗೆ ಯಾವುದರ ಬಗ್ಗೆ ಹೆಚ್ಚು ಗೊತ್ತೋ ಆ ಕೊಂಬೆ ದಟ್ಟವಾಗುತ್ತದೆ. ತೆಂಗಿನ ಸೀಮೆಯಲ್ಲಿ ಹುಟ್ಟಿದವರಿಗೆ ಕೊಬ್ಬರಿಯ ಬಗ್ಗೆ ಬರೆಯಲು ನೂರು ಮಾತು ಸಿಗುತ್ತದೆ, ಆದರೆ ಅದು ಲಾಭದ ಅಳತೆಯಲ್ಲ.

ನನ್ನ ನಕ್ಷೆಯಲ್ಲಿ ಯಂತ್ರ, ಬಾಟಲಿ, ಲೇಬಲ್ ಎಲ್ಲವೂ ಇದ್ದವು, ‘ಕೊಬ್ಬರಿಯ ಬೆಲೆ’ ಎಂಬ ಒಂದು ಪದ ಮಾತ್ರ ಇರಲಿಲ್ಲ. 2023ರಲ್ಲಿ ಉಂಡೆ ಕೊಬ್ಬರಿಗೆ ಕ್ವಿಂಟಲ್‌ಗೆ 11,750 ರೂಪಾಯಿ ಬೆಂಬಲ ಬೆಲೆ ಇದ್ದರೂ ಮಾರುಕಟ್ಟೆಯಲ್ಲಿ ಅದಕ್ಕಿಂತ ಬಹಳ ಕೆಳಗೆ ಮಾರಾಟವಾಗುತ್ತಿತ್ತು. ಆ ಬೆಲೆಯನ್ನು ಕಂಡು ನಾನು ಗಾಣಕ್ಕೆ ಕೈಹಾಕಿದೆ. 2025ರಲ್ಲಿ ಅದೇ ಕೊಬ್ಬರಿ 20,000 ದಾಟಿ ಮೇಲೇರಿತು. ಒಂದು ಕೆಜಿ ಎಣ್ಣೆಗೆ ಒಂದೂವರೆ ಕೆಜಿಗಿಂತ ಹೆಚ್ಚು ಕೊಬ್ಬರಿ ಬೇಕು, ಅಂದರೆ ಕೂಲಿ ಮತ್ತು ಕರೆಂಟು ಸೇರುವ ಮೊದಲೇ ಕೊಬ್ಬರಿಯದೇ ಮುನ್ನೂರು ರೂಪಾಯಿ ಮೀರಿತು. ಆ ಬೆಲೆಗೆ ಎಣ್ಣೆ ಕೊಳ್ಳುವ ಗಿರಾಕಿಗಳು ನನ್ನಲ್ಲಿ ತಯಾರಾಗಿರಲಿಲ್ಲ. ಕೆಲವು ತಿಂಗಳು ಗಾಣ ನಿಂತೇ ಇತ್ತು, ಕಂತು ಮಾತ್ರ ನಿಲ್ಲಲಿಲ್ಲ. ಗಾಣ ಬೇಡವೆಂದು ನಾನು ಹೇಳುತ್ತಿಲ್ಲ. ನಿಮ್ಮ ಯಜಮಾನರು ಆ ಕೊಂಬೆಯಲ್ಲಿ ಏನೇನು ಬರೆದಿಲ್ಲ ಎಂಬುದನ್ನು ಮೊದಲು ಹುಡುಕಲಿ.

ಉತ್ತರ: ತುಮಕೂರಿನಿಂದ, ಸ್ವಸಹಾಯ ಸಂಘಗಳ ಲೆಕ್ಕ ಬರೆಯುವವಳು

1970ರ ದಶಕದಲ್ಲಿ ಬ್ರಿಟನ್ನಿನ ಟೋನಿ ಬುಜಾನ್ ಈ ವಿಧಾನವನ್ನು ಜನಪ್ರಿಯಗೊಳಿಸಿದ್ದು ಮುಖ್ಯವಾಗಿ ನೆನಪಿಗಾಗಿ ಮತ್ತು ಟಿಪ್ಪಣಿ ಬರೆದುಕೊಳ್ಳುವುದಕ್ಕಾಗಿ. ನಡುವೆ ಒಂದು ವಿಷಯ, ಒಂದು ಗೆರೆಗೆ ಒಂದೇ ಪದ, ಬೇರೆ ಬೇರೆ ಬಣ್ಣ ಎಂಬ ನಿಯಮಗಳು ತಲೆಯೊಳಗಿನದನ್ನು ಹಾಳೆಗೆ ಇಳಿಸಲು ನೆರವಾಗುತ್ತವೆ. ಯಾವುದು ಮೇಲು, ಯಾವುದು ಕೀಳು ಎಂದು ನಕ್ಷೆ ತಾನಾಗಿ ಹೇಳುವುದಿಲ್ಲ. ಅದಕ್ಕಾಗಿ ಎರಡನೇ ಸುತ್ತು ಕೂರಬೇಕು.

ಕೆಂಪು ಶಾಯಿಯ ಪೆನ್ನು ತೆಗೆದುಕೊಂಡು, ಹನ್ನೊಂದು ಯೋಚನೆಗಳಿಗೂ ತಪ್ಪದೆ ಇವೇ ಐದು ಕಿರುಕೊಂಬೆಗಳನ್ನು ಎಳೆಯಿರಿ: ಹಾಕಬೇಕಾದ ಹಣ, ಆ ಹಣ ತಿರುಗಿ ಕೈಗೆ ಬರುವ ದಿನಗಳು, ಬೇಕಾದ ಆಳುಗಳು, ಪರವಾನಗಿ, ಮತ್ತು ಮೊದಲ ಹತ್ತು ಗಿರಾಕಿಗಳ ಹೆಸರು. ಕೊನೆಯದರಲ್ಲಿ ‘ಊರಿನವರು’ ಎಂದು ಬರೆದು ಸುಮ್ಮನಾಗಬಾರದು, ಇಂಥ ಮನೆಯ ಇಂಥವರು ಎಂದೇ ಬರೆಯಬೇಕು. ನಮ್ಮ ಸಂಘದ ಹೆಣ್ಣುಮಕ್ಕಳು ಹೆಚ್ಚಾಗಿ ತಡವರಿಸುವುದು ಇಲ್ಲಿಯೇ. ಹತ್ತು ಹೆಸರು ಹೊರಡದಿದ್ದರೆ ಆ ಯೋಚನೆಯನ್ನು ಆರು ತಿಂಗಳ ಮಟ್ಟಿಗೆ ಪಕ್ಕಕ್ಕಿಡುವುದು ಒಳ್ಳೆಯದು.

ಇಷ್ಟಾದ ಮೇಲೆ, ಒಂದು ಯೋಚನೆ ಇನ್ನೊಂದಕ್ಕೆ ಏನನ್ನಾದರೂ ಒದಗಿಸುವುದಾದರೆ ಇವೆರಡರ ನಡುವೆ ಬಾಣದ ಗುರುತು ಹಾಕಿ. ‘ಯಾವುದು ಉತ್ತಮ’ ಎಂಬ ಪ್ರಶ್ನೆಯನ್ನು ಬಿಟ್ಟು ‘ಯಾವುದು ಯಾವುದಕ್ಕಿಂತ ಮುಂಚೆ ಆಗಬೇಕು’ ಎಂದು ಕೇಳಿಕೊಂಡರೆ ಮನೆಯಲ್ಲಿ ವಾದವೇ ಕಡಿಮೆಯಾಗುತ್ತದೆ. ನೀವು ಬರೆದದ್ದನ್ನು ಓದುವಾಗ ನನಗೆ ಕಂಡದ್ದು ಪುಳಿಯೋಗರೆ ಗೊಜ್ಜು. ಹುಣಸೆ, ಕೊಬ್ಬರಿ ಎರಡೂ ನಿಮ್ಮದೇ, ಕಡಲೆಕಾಯಿ ಎಣ್ಣೆ ಶಿರಾ, ಪಾವಗಡದ ಕಡೆಯಿಂದ ಬರುತ್ತದೆ, ಒಲೆ ಪಾತ್ರೆಗಳು ಮನೆಯಲ್ಲಿವೆ. ಅಷ್ಟೊಂದು ಬಾಣಗಳು ಬಂದು ಸೇರುವ ಯೋಚನೆ ಹಾಳೆಯ ಮೂಲೆಯಲ್ಲಿದ್ದರೂ ಅದನ್ನು ಕಡೆಗಣಿಸಬೇಡಿ.

ಹಣದ ಮಾತು ಚುಟುಕಾಗಿ: ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರದ ಉದ್ಯಮ್ ನೋಂದಣಿಗೆ ಶುಲ್ಕವಿಲ್ಲ. ತಿನಿಸು ಮಾರಲು ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ಮೂಲ ನೋಂದಣಿ ಬೇಕು, ಶುಲ್ಕ ವರ್ಷಕ್ಕೆ 100 ರೂಪಾಯಿ. ಮುದ್ರಾ ಯೋಜನೆಯ ಶಿಶು ವಿಭಾಗದಲ್ಲಿ 50,000 ರೂಪಾಯಿವರೆಗೆ ಅಡಮಾನವಿಲ್ಲದೆ ಸಾಲ ದೊರೆಯುತ್ತದೆ. ಆದರೆ ಸಾಲವನ್ನು ನಕ್ಷೆಯ ನಡುವೆ ಇಟ್ಟುಕೊಂಡು ಯೋಚಿಸಬೇಡಿ. ಸಾಲ ಸಿಗುತ್ತದೆಂಬ ಒಂದೇ ಕಾರಣಕ್ಕೆ ಆರಂಭಿಸಿ ಕಷ್ಟಕ್ಕೆ ಬಿದ್ದವರನ್ನು ಕಂಡಿದ್ದೇನೆ.

ಉತ್ತರ: ಶಿರಾದ ಯುವಕ

ಮೈಂಡ್ ಮ್ಯಾಪ್ ಬರೆಯಲು ಕಂಪ್ಯೂಟರಿನಲ್ಲಿ ಫ್ರೀಪ್ಲೇನ್, ಮೊಬೈಲ್ ಮತ್ತು ಕಂಪ್ಯೂಟರ್ ಎರಡರಲ್ಲೂ ಎಕ್ಸ್‌ಮೈಂಡ್ ಎಂಬ ತಂತ್ರಾಂಶಗಳಿವೆ. ಕೊಂಬೆಯನ್ನು ಎಳೆದು ಬೇರೆಡೆ ಅಂಟಿಸುವ ಸೌಲಭ್ಯದಿಂದ ಕ್ರಮ ಬದಲಾಯಿಸುವುದು ಸುಲಭ. ಆದರೆ ಮನೆಯ ಹಿರಿಯರೂ ಕೂತು ಮಾತಾಡಬೇಕೆಂದಿದ್ದರೆ ಗೋಡೆಗೆ ಅಂಟಿಸಿದ ಕಾಗದವೇ ಮೇಲು ಎಂಬುದು ನನ್ನ ಅನುಭವ. ಮೊಬೈಲಿನಲ್ಲಿದ್ದ ನನ್ನ ನಕ್ಷೆಯನ್ನು ನಮ್ಮ ತಂದೆಯವರು ಒಮ್ಮೆಯೂ ನೋಡಲಿಲ್ಲ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಭಾನುವಾರ ಹೊಸ ಹಾಳೆಯಲ್ಲಿ ಐದು ಕೆಂಪು ಕೊಂಬೆಗಳ ಸುತ್ತು ಮುಗಿಸಿದೆವು. ಎಣ್ಣೆಗೆ ನಾಲ್ಕೇ ಹೆಸರುಗಳು ಹೊರಟವು, ಅವುಗಳಲ್ಲಿ ಎರಡು ನಮ್ಮ ನೆಂಟರವು. ಬ್ಲೌಸ್ ಹೊಲಿಗೆಗೆ ನಮ್ಮ ಬೀದಿಯಲ್ಲೇ ಹದಿನಾಲ್ಕು ಹೆಸರುಗಳಾದವು. ಯಂತ್ರ ಮನೆಯಲ್ಲೇ ಇದೆ, ಹಣ ವಾರದೊಳಗೆ ಕೈಗೆ ಬರುತ್ತದೆ. ಸಮವಸ್ತ್ರಕ್ಕೆ ಮೇ, ಜೂನ್ ತಿಂಗಳಲ್ಲಿ ಮಾತ್ರ ಕೆಲಸವೆಂದು ಅಲ್ಲೇ ಗೊತ್ತಾಯಿತು.

ಬಾಣ ಹಾಕುವಾಗ ಅತ್ತೆಯವರು ಹೇಳಿದ ಮಾತನ್ನು ಇಲ್ಲಿ ಬರೆಯಲೇಬೇಕು. ಶಿವರಾತ್ರಿಯ ಹೊತ್ತಿಗೆ ಬಡಿದ ಹುಣಸೆ ಮುಂದಿನ ವರ್ಷಕ್ಕೆ ಕಪ್ಪಾಗುತ್ತದೆ, ಮಂಡಿಯಲ್ಲಿ ಅದಕ್ಕೆ ಬೆಲೆ ಇಳಿಯುತ್ತದೆ ಎಂದು ನಾವು ಆ ಕೊಂಬೆಯಲ್ಲಿ ‘ನಷ್ಟ’ ಎಂದು ಬರೆದಿದ್ದೆವು. ‘ಗೊಜ್ಜಿಗೆ ಹಳೇ ಹುಣಸೆಯೇ ಬೇಕಲ್ಲಮ್ಮ, ಬಣ್ಣ ಬರುವುದೇ ಅದರಿಂದ’ ಎಂದು ಅವರು ಹೇಳಿದ ಮೇಲೆ ಆ ಪದವನ್ನು ಹೊಡೆದುಹಾಕಿ, ಅಲ್ಲಿಂದಲೇ ಗೊಜ್ಜಿಗೆ ಬಾಣ ಎಳೆದೆವು.

ಹೀಗಾಗಿ ಹೊಲಿಗೆಯನ್ನು ಈ ವಾರವೇ ಆರಂಭಿಸುತ್ತೇನೆ. ಅಟ್ಟದ ಮೇಲಿನ ಹಳೇ ಹುಣಸೆಯಲ್ಲಿ ಮೊದಲು ಐದು ಕೆಜಿ ಗೊಜ್ಜು ಮಾಡಿ, ಹೊಲಿಗೆಗೆ ಬರುವವರಿಗೇ ರುಚಿ ತೋರಿಸಿ, ನೋಂದಣಿ ಆದ ಮೇಲೆ ಮಾರಾಟಕ್ಕೆ ಇಳಿಯುತ್ತೇನೆ. ಗಾಣದ ಕೊಂಬೆಯ ಪಕ್ಕದಲ್ಲಿ ಯಜಮಾನರು ತಾವೇ ‘ಕೊಬ್ಬರಿ ಬೆಲೆ, ಪ್ರತಿ ತಿಂಗಳು’ ಎಂದು ಬರೆದು, ಕೆಳಗೆ ಹನ್ನೆರಡು ಖಾಲಿ ಚೌಕಗಳನ್ನು ಹಾಕಿಟ್ಟಿದ್ದಾರೆ.