ಜೀನ್ ಫೈಲಿನಲ್ಲಿ ‘ಎಎ’ ಬದಲು ‘ಟಿಟಿ’: ಮಗಳಿಗೂ ಸೋರಿಯಾಸಿಸ್ ಬರುತ್ತದಾ?

ಶಿರಸಿ ತೋಟ:
ಅಪ್ಪನಿಗೆ ಹದಿನೆಂಟು ವರ್ಷದಿಂದ ಸೋರಿಯಾಸಿಸ್ ಅನ್ನುವ ಚರ್ಮದ ಕಾಯಿಲೆ. ಕಳೆದ ಮಳೆಗಾಲದಲ್ಲಿ ನನ್ನ ಮೊಣಕೈ ಮೇಲೂ ಕೆಂಪು ಕಲೆ ಎದ್ದು ಬಿಳಿ ಹೊಟ್ಟು ಉದುರತೊಡಗಿತು. ಮಗಳಿಗೆ ಈಗ ನಾಲ್ಕು ವರ್ಷ. ಹೆದರಿ ನನ್ನ ಜೊಲ್ಲಿನ ಜೀನ್ ಪರೀಕ್ಷೆ ಮಾಡಿಸಿದೆ. ಅವರು ಕೊಟ್ಟ ರಾ ಡೇಟಾ (ಕಚ್ಚಾ ಮಾಹಿತಿ) ಫೈಲ್ ತೆರೆದರೆ ತಲೆಬುಡ ಅರ್ಥವಾಗುತ್ತಿಲ್ಲ. ಐಎಲ್12ಬಿ ಜೀನಿನ ಆರ್‌ಎಸ್3212227 ಅನ್ನುವ ನಂಬರಿನ ಜಾಗದಲ್ಲಿ ಎ ಅಥವಾ ಸಿ ಅಕ್ಷರ ಇರುತ್ತದೆ ಅಂತ ಸಂಶೋಧನಾ ಲೇಖನದಲ್ಲಿದೆ. ನನ್ನದರಲ್ಲಿ ಟಿಟಿ! ಫೈಲೇ ತಪ್ಪಾ? ಆರ್‌ಎಸ್10484554 ಮುಂದಂತೂ ಬರೀ ಎರಡು ಅಡ್ಡಗೆರೆ.

ಕುಮಟಾ ಲ್ಯಾಬ್:
ಫೈಲ್ ಸರಿಯಾಗಿಯೇ ಇದೆ ಅಣ್ಣ. ಡಿಎನ್‌ಎಗೆ ಎರಡು ಎಳೆ, ಎರಡರಲ್ಲೂ ಎ, ಟಿ, ಸಿ, ಜಿ ಅನ್ನುವ ನಾಲ್ಕೇ ಅಕ್ಷರ. ಒಂದರಲ್ಲಿ ಎ ಇದ್ದರೆ ಎದುರಿನದರಲ್ಲಿ ಟಿ, ಸಿ ಇದ್ದರೆ ಜಿ. ಲೇಖನದವರು ಒಂದು ಎಳೆ ಓದಿದ್ದಾರೆ, ನಿಮ್ಮ ಫೈಲಿನಲ್ಲಿ ಇನ್ನೊಂದು ಎಳೆ ಇದೆ. ಹಾಗಾಗಿ ನಿಮ್ಮ ಟಿಟಿ (ಅಪ್ಪನಿಂದ ಒಂದು ಅಕ್ಷರ, ಅಮ್ಮನಿಂದ ಒಂದು) ಅಂದರೆ ಅವರ ಎಎ. ಫೈಲಿನ ಮೇಲುಗಡೆ, ಹ್ಯಾಶ್ ಗುರುತಿನ ಸಾಲುಗಳಲ್ಲಿ ‘ಪ್ಲಸ್’ ಎಳೆ ಅಂತ ಇದೆಯಾ ನೋಡಿ, ಇದ್ದರೆ ಇದೇ ಕಾರಣ. ಇದು ಎ ಅಥವಾ ಸಿ ಇರುವ ಜಾಗ ಆದ್ದರಿಂದ ವ್ಯತ್ಯಾಸ ಕಣ್ಣಿಗೆ ಬಿತ್ತು. ಎ ಅಥವಾ ಟಿ ಇರುವ ಜಾಗ ಆಗಿದ್ದರೆ ಗೊತ್ತೇ ಆಗುತ್ತಿರಲಿಲ್ಲ, ಅಲ್ಲಿ ತುಂಬ ಹುಷಾರಾಗಿರಬೇಕು.

ಎಎ ಸೋರಿಯಾಸಿಸ್ ಅಪಾಯವನ್ನು ತುಸು ಹೆಚ್ಚಿಸುವುದು ನಿಜ. ಆದರೆ ಎ ಅಕ್ಷರವೇ ಜನರಲ್ಲಿ ಜಾಸ್ತಿ. ಸಿ ಇದ್ದವರಿಗೆ ಅಪಾಯ ಸ್ವಲ್ಪ ಕಡಿಮೆ, ಅಷ್ಟೇ. ಈ ಜೀನ್ ಪಿ40 ಅನ್ನುವ ಪ್ರೋಟೀನ್ ಮಾಡುತ್ತದೆ. ರೋಗನಿರೋಧಕ ಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸುವ ಇಂಟರ್‌ಲ್ಯೂಕಿನ್ 23ರಲ್ಲಿ ಪಿ40 ಒಂದು ಭಾಗ. ಆ ಸುದ್ದಿ ಜೋರಾದರೆ ‘ಟಿ ಕೋಶ’ ಅನ್ನುವ ರೋಗನಿರೋಧಕ ಕೋಶಗಳು ಇನ್ನೊಂದು ಸುದ್ದಿಗಾರ ಇಂಟರ್‌ಲ್ಯೂಕಿನ್ 17 ಸುರಿಸುತ್ತವೆ. ಆಗ ಚರ್ಮದ ಕೋಶ ಅವಸರದಲ್ಲಿ ಬೆಳೆಯುತ್ತದೆ. ಸುಮಾರು ಒಂದು ತಿಂಗಳಲ್ಲಿ ಮೇಲೆ ಬರಬೇಕಾದದ್ದು ಕೆಲವೇ ದಿನಕ್ಕೆ ಬಂದು ಹೊಟ್ಟಾಗಿ ಉದುರುತ್ತದೆ. 2009ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕ ಉಸ್ಟೆಕಿನುಮ್ಯಾಬ್ ಇಂಜೆಕ್ಷನ್ ತಡೆಯುವುದು ಇದೇ ಪಿ40 ಅನ್ನು.

ಅಡ್ಡಗೆರೆ ಅಂದರೆ ಪರೀಕ್ಷೆಯ ಚಿಪ್‌ಗೆ ಆ ಜಾಗ ಓದಲು ಆಗಿಲ್ಲ. ‘ಇಲ್ಲ’ ಅಂತ ಅರ್ಥ ಅಲ್ಲ. ಆ ಜಾಗ 6ನೇ ಕ್ರೋಮೋಸೋಮಿನಲ್ಲಿರುವ ಒಂದು ಜೀನ್ ರೂಪದ, ಅಂದರೆ ಎಚ್‌ಎಲ್‌ಎ-ಸಿ*06:02ರ ಕುರುಹು. ಸೋರಿಯಾಸಿಸ್ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಜೀನ್ ನಂಟು ಅದರದ್ದೇ. ಆದರೂ ಅದನ್ನು ಹೊತ್ತ ಹೆಚ್ಚಿನವರಿಗೆ ಈ ಕಾಯಿಲೆ ಬರುವುದೇ ಇಲ್ಲ.

ಕಾಳಿ ತೀರ, ಕಾರವಾರ:
ತಮ್ಮಾ, ನಾವು ಒಂದೇ ರೂಪದ ಅವಳಿ ಅಕ್ಕತಂಗಿಯರು. ಜೀನ್ ಎಲ್ಲ ಒಂದೇ. ನನಗೆ ಸೋರಿಯಾಸಿಸ್ ಇದೆ, ತಂಗಿಗೆ ಇವತ್ತಿಗೂ ಇಲ್ಲ. ನನಗೆ ಹತ್ತನೇ ತರಗತಿಯಲ್ಲಿ ಗಂಟಲು ನೋವು ಬಂತು. ಎರಡು ವಾರಕ್ಕೆ ಮೈತುಂಬ ಹನಿ ಹನಿ ಕಲೆ. ಗಂಟಲಿನ ಸ್ಟ್ರೆಪ್ಟೋಕಾಕಸ್ ಸೋಂಕು ಹೀಗೆ ಕಿಡಿ ಹಚ್ಚುತ್ತದೆ ಅಂತ ಡಾಕ್ಟರು ಹೇಳಿದರು. ಮಗುವಿನ ಜೊಲ್ಲು ಎಲ್ಲಿಗೂ ಕಳಿಸಬೇಡಿ, ಸುಮ್ನೆ ಭಯ ಜಾಸ್ತಿಯಾಗುತ್ತದೆ. ಗಂಟಲು ನೋವು ಬಂದರೆ ತಡಮಾಡದೆ ತೋರಿಸಿ. ನಿಮ್ಮ ಮೊಣಕೈಯನ್ನು ಚರ್ಮದ ಡಾಕ್ಟರು ನೋಡಲಿ, ಫೈಲ್ ನೋಡಿ ಯಾರೂ ಕಾಯಿಲೆ ಹೇಳುವುದಿಲ್ಲ. ಒಂದು ಕೇಳಲಾ? ಅಪ್ಪನಿಗೆ ಬೆಳಿಗ್ಗೆ ಎದ್ದಾಗ ಗಂಟು ಬಿಗಿಯುತ್ತದಾ? ಸೋರಿಯಾಸಿಸ್ ಕೆಲವರಿಗೆ ಕೀಲಿಗೂ ಇಳಿಯುತ್ತದೆ. ಬಿಟ್ಟರೆ ಕೀಲು ಹಾಳಾಗುತ್ತದೆ.

ಶಿರಸಿ ತೋಟ:
ಫೈಲಿನಲ್ಲಿ ಪ್ಲಸ್ ಅಂತಲೇ ಇದೆ. ಗೊಂದಲ ಹೋಯಿತು, ಲ್ಯಾಬ್‌ನವರೇ. ಅಕ್ಕಾ, ನಿಮ್ಮ ಮಾತು ಓದಿ ಅಪ್ಪನನ್ನು ಕೇಳಿದೆ. ಬೆಳಿಗ್ಗೆ ಒಂದು ತಾಸು ಬೆರಳು ಮಡಚಲು ಬರುವುದಿಲ್ಲವಂತೆ. ಅಡಿಕೆ ಸುಲಿದು ಸುಲಿದು ಹೀಗಾಗಿದೆ ಅಂದುಕೊಂಡು ಎರಡು ವರ್ಷ ಸುಮ್ಮನಿದ್ದರು. ಸೋಮವಾರ ಇಬ್ಬರೂ ಹೋಗುತ್ತೇವೆ.