ಅಪ್‌ಡೇಟ್: ಅಮ್ಮನ ಬೆಳಗಿನ ಶುಗರ್

ಮಲಗುವಾಗ 130 ಇರುವ ಅಮ್ಮನ ಶುಗರ್ ಬೆಳಗ್ಗೆ ಖಾಲಿ ಹೊಟ್ಟೆಯಲ್ಲೇ 180 ಏಕೆ ಅಂತ ಕೇಳಿದ್ದೆ. ಡಾಕ್ಟರ್ ರಾತ್ರಿ 3 ಗಂಟೆಗೆ ಗ್ಲುಕೋಮೀಟರ್‌ನಲ್ಲಿ ನೋಡಲು ಹೇಳಿದರು: 138 ಬಂತು. ಆಗ 70ಕ್ಕಿಂತ ಕೆಳಗಿದ್ದಿದ್ದರೆ ರಾತ್ರಿಯ ಇನ್ಸುಲಿನ್ ಅಥವಾ ಮಾತ್ರೆ ಹೆಚ್ಚಾಗಿದೆಯೇ ಅಂತ ನೋಡಬೇಕಿತ್ತು. ಆಗಲೇ 200 ದಾಟಿದ್ದರೆ ತಡವಾದ ಊಟವನ್ನೋ ಸಾಲದ ಔಷಧವನ್ನೋ ಅನುಮಾನಿಸಬೇಕಿತ್ತು.

ನಡುರಾತ್ರಿ ಸರಿಯಿದ್ದು ಆಮೇಲೆ ಏರಿದರೆ ಅದು ಡಾನ್ ಫಿನಾಮೆನನ್ (ನಸುಕಿನ ಶುಗರ್ ಏರಿಕೆ). ನಸುಕಿನಲ್ಲಿ ಕಾರ್ಟಿಸಾಲ್, ಗ್ರೋತ್ ಹಾರ್ಮೋನ್ ಹೆಚ್ಚಿ ಲಿವರ್ ಗ್ಲೂಕೋಸ್ ಬಿಡುತ್ತದೆ. ಅದನ್ನು ತಡೆಯುವಷ್ಟು ಇನ್ಸುಲಿನ್ ಇರುವುದಿಲ್ಲ. ರಾತ್ರಿ ಉಪವಾಸ ಮಲಗಿದರೂ ನಿಲ್ಲದು, ಪಾಪ ಮುದ್ದೆಯನ್ನು ಬೈದು ಫಲವಿಲ್ಲ!

ಈಗ ಊಟ ಬೇಗ, ನಂತರ 15 ನಿಮಿಷ ನಡಿಗೆ. ಮಾತ್ರೆಯ ಹೊತ್ತನ್ನು ಡಾಕ್ಟರೇ ಬದಲಿಸಿದ್ದಾರೆ. ಬೆರಳು ತೊಳೆದು ಒರೆಸಿಯೇ ಚುಚ್ಚಿ. ಹಣ್ಣಿನ ರಸ ಅಂಟಿದ್ದರೆ ರೀಡಿಂಗ್ ಸುಮ್ಮನೆ ಏರುತ್ತದೆ.