ಸಹಾಯ ಬೇಕು: ಸೊಂಟನೋವಿಗೆ ಟೆನ್ಸ್ ಯಂತ್ರದ ಬಳಕೆ

ಎಲ್ಲರಿಗೂ ನಮಸ್ಕಾರ. ಬಹುಕಾಲದಿಂದ ಸೊಂಟನೋವು ಅನುಭವಿಸುತ್ತಿರುವ ನನ್ನ ತಾಯಿಯವರಿಗೆ ಫಿಸಿಯೋಥೆರಪಿಸ್ಟ್ ಸಲಹೆಯಂತೆ ಮನೆಯಲ್ಲಿಯೇ ಟೆನ್ಸ್ ಯಂತ್ರ (ಚರ್ಮಕ್ಕೆ ಅಂಟಿಸಿದ ಪ್ಯಾಡ್‌ಗಳ ಮೂಲಕ ಸಣ್ಣ ವಿದ್ಯುತ್ ಮಿಡಿತಗಳನ್ನು ಹರಿಸಿ ನೋವು ತಗ್ಗಿಸುವ ಸಾಧನ) ಬಳಸುತ್ತಿದ್ದೇವೆ. ಅವರಿಗೆ ಪೇಸ್‌ಮೇಕರ್ ಇಲ್ಲ, ಅಪಸ್ಮಾರವೂ ಇಲ್ಲ.

ಬೆನ್ನುಮೂಳೆಯ ಮೇಲೆ ನೇರವಾಗಿ ಅಂಟಿಸದೆ, ನೋವಿರುವ ಭಾಗದ ಎರಡೂ ಬದಿಗೆ ಪ್ಯಾಡ್‌ಗಳನ್ನಿಟ್ಟು, ಸುಮಾರು 100 ಹರ್ಟ್ಸ್ ಆವರ್ತನದಲ್ಲಿ (ಅಂದರೆ ಸೆಕೆಂಡಿಗೆ ಸುಮಾರು 100 ಮಿಡಿತ), ಜುಮುಗುಡುವಿಕೆ ಸ್ಪಷ್ಟವಾಗಿ ತಿಳಿಯುವಷ್ಟು ಆದರೆ ಸ್ನಾಯು ಸೆಳೆಯದಷ್ಟು ತೀವ್ರತೆಯನ್ನು ಹೊಂದಿಸಿದಾಗ ಅವರಿಗೆ ಒಳ್ಳೆಯ ಆರಾಮ ಸಿಗುತ್ತದೆ. ಯಂತ್ರ ನಿಲ್ಲಿಸಿದ ಸ್ವಲ್ಪ ಹೊತ್ತಿಗೆ ನೋವು ಮರಳುತ್ತದೆ. ಇದು ನೋವಿನ ಅನುಭವವನ್ನು ತಗ್ಗಿಸುವ ಸಾಧನವೇ ಹೊರತು ಮೂಲಕಾರಣವನ್ನು ಗುಣಪಡಿಸುವುದಿಲ್ಲ ಎಂಬ ಅರಿವು ನಮಗಿದೆ, ವ್ಯಾಯಾಮವನ್ನು ಬಿಟ್ಟಿಲ್ಲ. ಆದರೂ ನೋವು ಕಡಿಮೆಯಾದ ಆ ಹೊತ್ತಿನಲ್ಲಿ ಅವರು ನೆಮ್ಮದಿಯಾಗಿ ನಡೆದಾಡುವುದನ್ನು ಕಂಡಾಗ, ಅದನ್ನು ಇನ್ನಷ್ಟು ವಿಸ್ತರಿಸಲು ಸಾಧ್ಯವೇ ಎಂದು ಮನಸ್ಸು ಕೇಳುತ್ತದೆ.

2ರಿಂದ 4 ಹರ್ಟ್ಸ್‌ನಂತಹ ಕಡಿಮೆ ಆವರ್ತನವನ್ನು ಬಳಸಿದವರಿಗೆ ಉಪಶಮನ ಹೆಚ್ಚು ಹೊತ್ತು ಉಳಿದಿದೆಯೇ? ದಿನವೂ ಒಂದೇ ಆವರ್ತನ ಬಳಸಿದರೆ ದೇಹ ಅದಕ್ಕೆ ಒಗ್ಗಿಕೊಂಡು ಪರಿಣಾಮ ಕುಗ್ಗಬಹುದೆಂದು ಓದಿದ್ದೇನೆ. ಆವರ್ತನವನ್ನು ಬದಲಿಸುತ್ತಾ ಬಳಸುವವರು ತಮ್ಮ ಕ್ರಮವನ್ನು ದಯವಿಟ್ಟು ವಿವರಿಸಬೇಕು. ಪ್ಯಾಡ್ ತೆಗೆದ ಜಾಗದಲ್ಲಿ ಚರ್ಮ ಕೆಂಪಾಗಿ ತುರಿಸುವುದೂ ಈಚೆಗೆ ಶುರುವಾಗಿದೆ. ಸದ್ಯಕ್ಕೆ ಬಳಕೆ ನಿಲ್ಲಿಸಿದ್ದೇವೆ. ಸೂಕ್ಷ್ಮ ಚರ್ಮಕ್ಕೆ ಹೊಂದುವ ಪ್ಯಾಡ್‌ಗಳನ್ನು ಬಳಸಿ ಅನುಭವವಿರುವವರು, ವಿಶೇಷವಾಗಿ ಈ ಗುಂಪಿನ ಫಿಸಿಯೋಥೆರಪಿಸ್ಟ್‌ಗಳು, ಮಾರ್ಗದರ್ಶನ ನೀಡಬೇಕೆಂದು ವಿನಂತಿಸುತ್ತೇನೆ.